ಹಾಲು ಬಿಟ್ಟರೆ ಬೊಜ್ಜು ಕರಗುವುದೇ?

ನಮ್ಮ ಕನ್ನಡ ಶಾಲೆಗಳ ದೊಡ್ಡ ತರಗತಿಯ ಹೆಣ್ಣುಮಕ್ಕಳಲ್ಲಿ ಕೆಲವರು ಹಾಲು ಕುಡಿಯುವುದನ್ನೇ ಬಿಟ್ಟಿದ್ದಾರೆ. ಕೇಳಿದರೆ, "ದಪ್ಪ ಆಗ್ತೀವ್ರಿ" ಎನ್ನುತ್ತಾರೆ. ಇತ್ತ ಅವರ ತಾಯಂದಿರಲ್ಲಿ ಕೆಲವರು ಕ್ಯಾಲ್ಸಿಯಂ ಗುಳಿಗೆ ನುಂಗಿದರೆ ಬೊಜ್ಜು ಕರಗುತ್ತದೆಂದು ನಂಬಿದ್ದಾರೆ. ಈ ಎರಡೂ ಮಾತನ್ನು ಸ್ವಲ್ಪ ವಿಚಾರ ಮಾಡೋಣ.

ಕೊಬ್ಬಿನ ಜೀವಕೋಶ ಎಂದರೆ ನಮ್ಮ ಹಳ್ಳಿಯ ಹಗೇವು ಇದ್ದಂತೆ. ಅಲ್ಲಿ ಕಾಳು, ಇಲ್ಲಿ ಕೊಬ್ಬು. ದುಡಿಯುವಾಗ ಅಡ್ರಿನಾಲಿನ್ ಹಾರ್ಮೋನು ಬಂದು ಬಾಗಿಲು ತಟ್ಟುತ್ತದೆ. ಆಗ ಕೋಶದೊಳಗೆ ಒಂದು ಸಂದೇಶವಾಹಕ ವಸ್ತು ಹುಟ್ಟಿ ಕಿಣ್ವಗಳನ್ನು ಎಬ್ಬಿಸುತ್ತದೆ, ಕೊಬ್ಬು ಒಡೆಯುತ್ತದೆ. ಆದರೆ ಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಆ ಸಂದೇಶವಾಹಕವೇ ನಾಶವಾಗಿ, ಕೊಬ್ಬು ಒಡೆಯುವುದು ಕುಗ್ಗುತ್ತದೆ. ಅಮೆರಿಕದ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಮೈಕೆಲ್ ಝೆಮೆಲ್ ಮತ್ತು ಸಂಗಡಿಗರು 2001ರಲ್ಲಿ ಮನುಷ್ಯರ ಕೊಬ್ಬಿನ ಕೋಶಗಳಲ್ಲೇ ಇದನ್ನು ತೋರಿಸಿದರು.

ಹಾಗಾದರೆ ಹಾಲು ಬಿಡುವುದೇ ಸರಿಯಲ್ಲವೇ? ಅಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹವು 'ಡಿ' ಜೀವಸತ್ವದ ಕ್ರಿಯಾಶೀಲ ರೂಪವನ್ನು ಹೆಚ್ಚಿಸುತ್ತದೆ. ಅದು ಕೊಬ್ಬಿನ ಕೋಶದೊಳಗೆ ಕ್ಯಾಲ್ಸಿಯಂ ಏರಿಸುತ್ತದೆ ಎಂಬುದು ಝೆಮೆಲ್ ಅವರ ವಾದ. ಅಂದರೆ ತಟ್ಟೆಯಲ್ಲಿ ಕಡಿಮೆಯಾದರೆ ಕೋಶದಲ್ಲಿ ಹೆಚ್ಚು!

ಇದನ್ನು ಕೇಳಿ ಗುಳಿಗೆಯ ಆಸೆ ಹುಟ್ಟುವುದು ಸಹಜ. ಆದರೆ 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ತೂಕ ಹೆಚ್ಚಿದ್ದ 340 ಜನ ಇದ್ದರು. ಒಂದು ಗುಂಪಿಗೆ ದಿನಕ್ಕೆ 1500 ಮಿ.ಗ್ರಾಂ ಕ್ಯಾಲ್ಸಿಯಂ, ಇನ್ನೊಂದಕ್ಕೆ ಔಷಧವಿಲ್ಲದ ಬರೀ ಗುಳಿಗೆ. ಎರಡು ವರ್ಷ ಕೊಟ್ಟರೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಕೊಲ್ಹಾಪುರದ ಪೈಲ್ವಾನರನ್ನೇ ನೋಡಿ. ಗಂಗಾವೇಸ್‌ನ ಹಾಲಿನ ಕಟ್ಟೆಯಲ್ಲಿ ಎದುರಿಗೇ ಎಮ್ಮೆ ಹಿಂಡಿಸಿ ನೊರೆಹಾಲು ಕುಡಿಯುವ ಊರಿದು. ಎಮ್ಮೆ ಹಾಲಿನಲ್ಲಿ ಆಕಳ ಹಾಲಿಗಿಂತ ಕ್ಯಾಲ್ಸಿಯಂ ಕೂಡ ಹೆಚ್ಚು, ಕೊಬ್ಬೂ ಹೆಚ್ಚು. ಆ ಕೊಬ್ಬನ್ನು ಪೈಲ್ವಾನರು ತಾಲೀಮಿನಲ್ಲಿ ಜೋರ್-ಬೈಠಕ್ ಹೊಡೆದು ಕರಗಿಸುತ್ತಾರೆ. ಹಾಗೆ ಬೈಠಕ್ ಹೊಡೆಯುವಾಗ ಸ್ನಾಯು ಬಿಗಿಯಲು ಬೇಕಾದದ್ದೂ ಇದೇ ಕ್ಯಾಲ್ಸಿಯಂ.

ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಎಲುಬು, ಹಲ್ಲುಗಳಲ್ಲಿದೆ. ಎಲುಬು ಗಟ್ಟಿಯಾಗುವ ವಯಸ್ಸು ನಮ್ಮ ಈ ಮಕ್ಕಳದೇ. 13ರಿಂದ 15 ವರ್ಷದವರಿಗೆ ದಿನಕ್ಕೆ 1000 ಮಿ.ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಆಜರಾ, ಚಂದಗಡದ ಕಡೆ ಬೆಳೆಯುವ ನಾಚಣಿಯಲ್ಲಿ, ಅಂದರೆ ರಾಗಿಯಲ್ಲಿ, 100 ಗ್ರಾಂಗೆ 300 ಮಿ.ಗ್ರಾಂಗೂ ಹೆಚ್ಚು ಇದೆ. ಜೊತೆಗೆ ಹಾಲು, ಮಜ್ಜಿಗೆ, ಎಳ್ಳಿನ ಚಟ್ನಿ ಇರಲಿ. ಗುಳಿಗೆಯ ಮಾತು ಡಾಕ್ಟರಿಗೆ ಬಿಡಿ.

ಶಿಕ್ಷಕ ಬಂಧುಗಳೇ, ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಈ ಮಾತನ್ನೂ ಎತ್ತೋಣ. ಹೆಣ್ಣುಮಕ್ಕಳನ್ನು ಸಂಜೆ ಮೈದಾನಕ್ಕೆ ಕರೆಯೋಣ, ಹಾಲಿನ ಲೋಟ ಮಾತ್ರ ಬಿಡಿಸುವುದು ಬೇಡ.