ಗಂಗಾನಗರದ ದಾರಿಗಳು, ಮಡಿಲಲ್ಲಿ ಕೂತ ಮಕ್ಕಳು

ಗಂಗಾನಗರವನ್ನು ನೋಡೋದಾದರೆ ಬೆಳಿಗ್ಗೆ ಎಂಟು ಗಂಟೆಗೆ ನೋಡಬೇಕು. ಒಂದು ಕಡೆ ಆರ್.ಟಿ. ನಗರ, ಇನ್ನೊಂದು ಕಡೆ ಬಳ್ಳಾರಿ ರಸ್ತೆ, ಅದನ್ನು ದಾಟಿದರೆ ಸಂಜಯನಗರ. ದಕ್ಷಿಣಕ್ಕೆ ಹೋದರೆ ಮೇಖ್ರಿ ಸರ್ಕಲ್, ಉತ್ತರಕ್ಕೆ ಹೋದರೆ ಹೆಬ್ಬಾಳ. ಸಿಬಿಐ ಕಚೇರಿ ಇರೋದರಿಂದ ಇಲ್ಲಿನ ಒಂದು ದಾರಿಗೆ ಜನ ಸಿಬಿಐ ರಸ್ತೆ ಅಂತಲೇ ಕರೀತಾರೆ. ಒಳಗಿನ ರಸ್ತೆಗಳಲ್ಲಿ ಇನ್ನೂ ಮರದ ನೆರಳಿದೆ, ಹೂವಿನ ಬುಟ್ಟಿ ಇದೆ, ಹಾಲಿನ ಬೂತ್ ಮುಂದೆ ಮಾತು ಇದೆ.

ಅದೇ ಹೊತ್ತಿಗೆ ಶಾಲೆಯ ಮಕ್ಕಳ ಮೆರವಣಿಗೆ ಶುರು. ಸ್ಕೂಟರಿನ ಮುಂದೆ ಹ್ಯಾಂಡಲ್ ಹಿಡಿದು ನಿಂತ ಯುಕೆಜಿ ಪುಟ್ಟ, ಅಪ್ಪ ಅಮ್ಮನ ನಡುವೆ ಸ್ಯಾಂಡ್‌ವಿಚ್ ಆಗಿರೋ ಪುಟ್ಟಿ, ಆಟೋದಲ್ಲಿ ಬ್ಯಾಗಿನ ಜೊತೆ ಬ್ಯಾಗಾಗಿ ಕೂತವರು. ಕಾರುಗಳಲ್ಲಿ ನೋಡಿದರೆ ಮುಂದಿನ ಸೀಟಿನಲ್ಲಿ ಅಮ್ಮ, ಅಮ್ಮನ ಮಡಿಲಲ್ಲಿ ಮಗು. ಅಮ್ಮನಿಗೆ ಬೆಲ್ಟ್ ಇದೆ, ಮಗುವಿಗೆ ಇಲ್ಲ.

"ಇಲ್ಲೇ ತಾನೆ, ಎರಡು ಕಿಲೋಮೀಟರ್" ಅನ್ನೋದು ಎಲ್ಲರ ಉತ್ತರ. ಆದರೆ ಗಂಗಾನಗರದ ವಿಶೇಷವೇ ಅದು. ಇಲ್ಲಿ "ಇಲ್ಲೇ" ಅನ್ನೋ ದಾರಿ ಮುಗಿಯೋದೇ ಬಳ್ಳಾರಿ ರಸ್ತೆಯಲ್ಲಿ.

ಈ ಸೀಮೆ ಹಳೆಯದು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅಂದರೆ ಹನ್ನೆರಡು ಶತಮಾನಕ್ಕೂ ಹೆಚ್ಚು ಕಾಲದಿಂದ ಇಲ್ಲಿ ಜನ ಮಕ್ಕಳನ್ನು ಎತ್ತಿಕೊಂಡು ಓಡಾಡಿದ್ದಾರೆ. ಊರು ಹಳೆಯದು, ವೇಗ ಮಾತ್ರ ಹೊಸದು. ಹೆಬ್ಬಾಳದ ಫ್ಲೈಓವರ್ ಬಂದಿದ್ದು 2003ರಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿದ್ದು 2008ರಲ್ಲಿ. ಆಮೇಲೆ ಬಳ್ಳಾರಿ ರಸ್ತೆಯ ಸ್ವಭಾವವೇ ಬದಲಾಯ್ತು. ಹೆಬ್ಬಾಳದ ತನಕ ತೆವಳೋ ಕಾರು, ಮೇಲ್ಸೇತುವೆ ಹತ್ತಿದ ಕೂಡಲೇ ಹಾರುತ್ತೆ. ಭಾನುವಾರ ಬೆಳಗಾದರೆ ನಂದಿ ಬೆಟ್ಟಕ್ಕೆ ಹೋಗೋ ಸಂಸಾರಗಳೂ ಇದೇ ದಾರಿಯಲ್ಲಿ. ಎತ್ತಿನ ಗಾಡಿಯಲ್ಲಿ ಅಮ್ಮನ ಮಡಿಲು ಸಾಕಾಗಿತ್ತು. ಇಲ್ಲಿ ಸಾಕಾಗೋಲ್ಲ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆದು ನಿಂತಿತು ಅನ್ನಿ. ಕಾರು ನಿಲ್ಲುತ್ತೆ, ಮಗು ಮಾತ್ರ ಅದೇ 50ರ ವೇಗದಲ್ಲಿ ಮುಂದಕ್ಕೆ ಹೋಗುತ್ತೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಷ್ಟೇ ಪೆಟ್ಟು ಅದು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 10 ಕೆ.ಜಿ. ತೂಕದ ಮಗುವನ್ನು ಹಿಡಿದು ನಿಲ್ಲಿಸಬೇಕಾದರೆ ಸುಮಾರು 140 ಕೆ.ಜಿ. ಭಾರ ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಆಗೋ ಕೆಲಸ ಅಲ್ಲ. ಇದು ಪ್ರೀತಿಯ ಕೊರತೆ ಅಲ್ಲ ಕಣ್ರೀ, ಭೌತಶಾಸ್ತ್ರ. ತಾಯಿ ಬೆಲ್ಟ್ ಹಾಕಿಲ್ಲದಿದ್ದರೆ ಇನ್ನೂ ಕಷ್ಟ. ಅವಳ ಮೈಭಾರವೂ ಮಗುವಿನ ಮೇಲೇ ಬೀಳುತ್ತೆ.

ಕಾನೂನು ಇದನ್ನು ಹೇಳಿ ವರ್ಷಗಳೇ ಆದವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 194ಬಿ ಕಲಂ ಸೇರಿತು. ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್‌ನಲ್ಲಾಗಲಿ, ಮಕ್ಕಳ ಸುರಕ್ಷಾ ಸೀಟಿನಲ್ಲಾಗಲಿ ಕೂರಿಸದೆ ಗಾಡಿ ಓಡಿಸಿದರೆ 1000 ರೂಪಾಯಿ ದಂಡ. ಓಡಿಸಿದವರಿಗೆ ಮಾತ್ರ ಅಲ್ಲ, ಹಾಗೆ ಓಡಿಸಲು ಬಿಟ್ಟವರಿಗೂ ಅನ್ವಯ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಕೂತು ಅಪಘಾತದಲ್ಲಿ ತೀರಿಕೊಂಡಾಗ ದೇಶವೆಲ್ಲ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಮಾತಾಡಿತು. ಮರುತಿಂಗಳೇ ಕರ್ನಾಟಕ ಪೊಲೀಸರು ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ ಅಂತ ಸುತ್ತೋಲೆ ಹೊರಡಿಸಿದರು. ಮಾತು ಕೆಲವು ವಾರ ನಡೀತು, ಆಮೇಲೆ ಬೆಲ್ಟ್ ಮತ್ತೆ ಸೀಟಿನ ಸಂದಿಗೆ ಹೋಯ್ತು.

ಸ್ಕೂಟರಿಗೂ ನಿಯಮ ಇದೆ. ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗು ಹಿಂದೆ ಕೂತಿದ್ದರೆ ಹೆಲ್ಮೆಟ್ ಜೊತೆಗೆ ಓಡಿಸುವವರ ಮೈಗೆ ಕಟ್ಟುವ ಸುರಕ್ಷಾ ಪಟ್ಟಿಯೂ ಇರಬೇಕು, ವೇಗ 40 ಕಿ.ಮೀ. ಮೀರಬಾರದು. 2022ರ ಫೆಬ್ರವರಿಯಲ್ಲಿ ಬಂದ ಈ ನಿಯಮ ಒಂದು ವರ್ಷದ ನಂತರ ಜಾರಿಗೆ ಬಂತು. ಅಪ್ಪನ ತಲೆಗೆ ಹೆಲ್ಮೆಟ್ ಇದ್ದು ಮಗುವಿನ ತಲೆಗೆ ಉಣ್ಣೆಯ ಟೋಪಿ ಇರೋ ದೃಶ್ಯ ಮಾತ್ರ ನಮ್ಮ ರಸ್ತೆಗಳಲ್ಲಿ ಇನ್ನೂ ಹೋಗಿಲ್ಲ.

ಈಗ ಸನ್‌ರೂಫ್ ಇನ್ನೊಂದು ಖುಷಿ. 2025ರ ಸೆಪ್ಟೆಂಬರ್‌ನಲ್ಲಿ ಇದೇ ಉತ್ತರ ಬೆಂಗಳೂರಿನಲ್ಲಿ ಕಾರಿನ ಸನ್‌ರೂಫ್‌ನಿಂದ ಹೊರಗೆ ನಿಂತಿದ್ದ ಬಾಲಕನ ತಲೆ ರಸ್ತೆಗೆ ಅಡ್ಡ ಹಾಕಿದ್ದ ಎತ್ತರದ ಕಬ್ಬಿಣದ ತಡೆಗೆ ಬಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಫಾರ್ವರ್ಡ್ ಮಾಡಿದವರು ಎಷ್ಟೋ ಜನ. ಆ ಭಾನುವಾರ ಮಕ್ಕಳನ್ನು ಕೂರಿಸಿ ಬೆಲ್ಟ್ ಹಾಕಿದವರು ಎಷ್ಟು?

ಇನ್ನು ಸೀಟು ಆರಿಸೋ ವಿಷಯ. ಅಂಗಡಿಯಲ್ಲಿ ನೋಡಬೇಕಾದ್ದು ಬಣ್ಣ ಅಲ್ಲ, ಮಗುವಿನ ತೂಕ ಮತ್ತು ಎತ್ತರ. ಹುಟ್ಟಿದ ಮಗುವಿನಿಂದ ಸುಮಾರು 13 ಕೆ.ಜಿ. ತನಕ ಹಿಂದಕ್ಕೆ ಮುಖ ಮಾಡಿದ ಸೀಟು. ಎಳೆಮಗುವಿನ ತಲೆ ಭಾರ, ಕುತ್ತಿಗೆ ಮೆತ್ತಗೆ. ಡಿಕ್ಕಿಯಾದಾಗ ಆ ಪೆಟ್ಟನ್ನು ಬೆನ್ನಿಗೆಲ್ಲ ಹಂಚೋದು ಈ ಸೀಟು. ಒಂದು ವರ್ಷ ಆಯ್ತು ಅಂತ ಅವಸರದಲ್ಲಿ ಮುಂದಕ್ಕೆ ತಿರುಗಿಸಬೇಡಿ. ಆಮೇಲೆ ಸುಮಾರು 18 ಕೆ.ಜಿ. ತನಕ ಐದು ಕಡೆ ಕಟ್ಟೋ ಬೆಲ್ಟಿನ, ಮುಂದಕ್ಕೆ ನೋಡೋ ಸೀಟು. ಅದಾದ ಮೇಲೆ ಬೂಸ್ಟರ್. ಕಾರಿನ ಬೆಲ್ಟ್ ಕುತ್ತಿಗೆಗೆ ಉಜ್ಜದೆ ಭುಜದ ಮೇಲೆ, ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ ಕೂರೋ ತನಕ ಬೂಸ್ಟರ್ ಬೇಕು.

ಇನ್ನೂ ಮೂರು ಮಾತು. ಏರ್‌ಬ್ಯಾಗ್ ಚಾಲೂ ಇರೋ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಎಂದೂ ಇಡಬಾರದು, ಏರ್‌ಬ್ಯಾಗ್ ಬಿಚ್ಚಿದ ರಭಸವೇ ಮಗುವಿನ ತಲೆಗೆ ಬಡಿಯುತ್ತೆ. ಕಾರಿನಲ್ಲಿ ಐಸೊಫಿಕ್ಸ್ ಕೊಕ್ಕೆ ಇದೆಯಾ ಅಂತ ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿ ನೋಡಿ, ಇದ್ದರೆ ಸೀಟನ್ನು ತಪ್ಪಾಗಿ ಕಟ್ಟೋ ಸಾಧ್ಯತೆ ಕಡಿಮೆ. ಯಾರೋ ಕೊಟ್ಟ ಹಳೇ ಸೀಟಾದರೆ ಅದು ಅಪಘಾತ ಕಂಡಿದ್ದಾ ಅಂತ ಕೇಳಿ, ಕಂಡಿದ್ದರೆ ಬೇಡ.

"ಮಗು ಅಳುತ್ತೆ" ಅಂತ ಅಜ್ಜಿ ಹೇಳೋದು ನಿಜವೇ. ಮೊದಲ ಕೆಲವು ದಿನ ಅಳುತ್ತೆ. ಹೊಸ ಚಪ್ಪಲಿಗೂ ಅಳುತ್ತೆ, ಇಂಜೆಕ್ಷನ್ನಿಗೂ ಅಳುತ್ತೆ. ಕಾರು ನಿಂತಿರುವಾಗ ಮನೆಯ ಮುಂದೆಯೇ ಹತ್ತು ನಿಮಿಷ ಕೂರಿಸಿ ಆಟ ಆಡಿಸಿ. ಪ್ರತಿ ಸಲವೂ, ಹಾಲಿನ ಬೂತ್‌ಗೆ ಹೋದರೂ, ಅದೇ ಸೀಟು ಅಂತಾದರೆ ಮಗುವಿಗೆ ಅದೇ ಅಭ್ಯಾಸ. ಅಜ್ಜಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಲಿ, ಅದಕ್ಕೆ ಯಾವ ಕಾನೂನೂ ಅಡ್ಡ ಬರೋಲ್ಲ.

ಅಮೆರಿಕದ ಲೆಕ್ಕದಂತೆ ಸರಿಯಾಗಿ ಬಳಸಿದ ಸೀಟು ಒಂದು ವರ್ಷದೊಳಗಿನ ಮಕ್ಕಳ ಸಾವಿನ ಅಪಾಯವನ್ನು ಶೇ. 71ರಷ್ಟು ಕಡಿಮೆ ಮಾಡುತ್ತೆ. ಹೊಸ ಕಾರು ಬಂದಾಗ ಚಕ್ರದಡಿ ನಿಂಬೆಹಣ್ಣು ಇಡ್ತೀವಿ, ಕುಂಕುಮ ಹಚ್ಚಿ ದೃಷ್ಟಿ ತೆಗೀತೀವಿ. ಇರಲಿ. ಅದೇ ದಿನ ಹಿಂದಿನ ಸೀಟಿಗೆ ಮಗುವಿನ ಸೀಟೂ ಬರಲಿ. ನಾಮಕರಣಕ್ಕೆ ಬೆಳ್ಳಿ ಬಟ್ಟಲು, ಉಡಿದಾರ ಕೊಡೋ ಸೋದರಮಾವಂದಿರು ಎಲ್ಲ ಸೇರಿ ಒಂದು ಸೀಟು ಕೊಡಿಸಿದರೂ ಸಾಕು. ತೊಟ್ಟಿಲ ಹಗ್ಗ ಗಟ್ಟಿಯಾಗಿದೆಯಾ ಅಂತ ಎರಡೆರಡು ಸಲ ಎಳೆದು ನೋಡಿ ಮಗುವನ್ನು ಮಲಗಿಸೋ ಜನ ನಾವು. ಕಾರಿನೊಳಗೂ ಮಗುವಿಗೆ ಬೇಕಿರೋದು ಅಷ್ಟೇ ಗಟ್ಟಿಯಾದ ಒಂದು ಕಟ್ಟು.