ಘಟ್ಟವಿಳಿದ ಮೇಲಿನ ತಡವರಿಕೆ

ಕಾರಣವನ್ನು ಅರಸುವ ಮೊದಲೇ ಅಪರಾಧಿಯನ್ನು ಅರಸುವುದು ಮನುಷ್ಯನ ಹಳೆಯ ದೌರ್ಬಲ್ಯ. ನಿತ್ಯ ಬಳಸುವ ವಾಹನದ ವಿಷಯದಲ್ಲಿಯೂ ಅದು ಪ್ರಕಟವಾಗುತ್ತದೆ.

ಹೊಂಬುಜದ ಯಾತ್ರೆ ಮುಗಿಸಿ ಕುಂದಾಪುರಕ್ಕೆ ಮರಳುವವರು ಹುಲಿಕಲ್ಲಿನಿಂದ ಬಾಳೆಬರೆ ಘಾಟಿಯನ್ನಿಳಿದು ಹೊಸಂಗಡಿಯನ್ನು ಸೇರುತ್ತಾರೆ. ಬೈಂದೂರಿನ ಕಡೆಯವರಿಗೆ ನಾಗೋಡಿಯಿಂದ ಕೊಲ್ಲೂರಿಗೆ ಇಳಿಯುವ ದಾರಿಯಿದೆ. ಬ್ರಹ್ಮಾವರದವರಿಗೆ ಆಗುಂಬೆಯ 14 ಹಿಮ್ಮುರಿ ತಿರುವುಗಳಿವೆ. ಈ ದಾರಿಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಬಹುದೂರ ಇಳಿದ ಕಾರು, ಬಯಲಿಗೆ ಬಂದು ಮತ್ತೆ ವೇಗ ಕೇಳಿದಾಗ ಕೆಲವೊಮ್ಮೆ ತಡವರಿಸುತ್ತದೆ. ಒಂದೆರಡು ಬಾರಿ ಜಗ್ಗಿ, ಆಮೇಲೆ ಓಡುತ್ತದೆ.

ಕುಂದಾಪುರದ ಗೃಹಸ್ಥರೊಬ್ಬರ ಪೆಟ್ರೋಲ್ ಕಾರಿಗೆ ಹೀಗಾಯಿತು. ಅವರ ಸಂದೇಹವು ಇಂಧನ ತುಂಬಿಸಿದ ಬಂಕಿನ ಮೇಲೆ ಹೋಯಿತು. ಕಲಬೆರಕೆಯ ದೂರನ್ನು ನಾಲ್ಕು ಜನರೆದುರು ಹೇಳಿಬಿಡಲು ಅವರು ಸಿದ್ಧರಾದರು. ಬಹುಕಾಲದಿಂದ ಮನೆಯಲ್ಲಿದ್ದ ಚಾಲಕ ವಿನಯದಿಂದ ತಡೆದನು: “ಧಣಿಗಳೇ, ಅದೇ ಪೆಟ್ರೋಲಿನಲ್ಲಿ ಗಾಡಿ ಘಟ್ಟ ಹತ್ತಿದೆ. ಇಳಿಯುವಾಗ ಏನಾಯಿತೆಂದು ಮೊದಲು ನೋಡುವ.”

ಆ ಮಾತಿನಲ್ಲಿ ಪರೀಕ್ಷೆಯ ಸರಿಯಾದ ಕ್ರಮವೇ ಅಡಗಿತ್ತು. ಇಳಿಜಾರಿನಲ್ಲಿ ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಹೋಗುವ ದ್ವಾರ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಒಳಗೆ ಪ್ರಬಲವಾದ ನಿರ್ವಾತ ಉಂಟಾಗುತ್ತದೆ. ಇಂಜೆಕ್ಷನ್ ವ್ಯವಸ್ಥೆಯ ಕಾರು ಗಿಯರಿನಲ್ಲಿ ಇಳಿಯುತ್ತಿದ್ದರೆ ಇಂಧನವನ್ನೂ ಆ ಹೊತ್ತಿಗೆ ನಿಲ್ಲಿಸುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಗಾಳಿ, ಇಂಧನಗಳ ಪ್ರಮಾಣ ತಕ್ಷಣ ಹೊಂದಬೇಕು. ಕ್ಷಣಮಾತ್ರದ ವಿಳಂಬ ಸಹಜ. ಗಾಡಿ ಜಗ್ಗುವಷ್ಟಾದರೆ ದೋಷವಿದೆ. ಗಾಳಿದ್ವಾರಕ್ಕೆ ಮಸಿ ಹಿಡಿದಿರಬಹುದು. ಸವೆದ ಎಂಜಿನ್ನಿನಲ್ಲಿ ಎಳೆಯಲ್ಪಟ್ಟ ಎಣ್ಣೆ ಸ್ಪಾರ್ಕ್ ಪ್ಲಗ್ಗನ್ನು ಕೆಡಿಸಿರಬಹುದು. ಎಲ್ಲಿಯೋ ಬಿರುಕಿನಿಂದ ಹೊರಗಿನ ಗಾಳಿ ನುಸುಳುತ್ತಿರಬಹುದು. ಹಳೆಯ ಕಾರ್ಬ್ಯುರೇಟರಿನ ಕಾರಾದರೆ, ಒತ್ತಿದೊಡನೆ ಪೆಟ್ರೋಲನ್ನು ಚಿಮ್ಮಿಸುವ ಸಣ್ಣ ಪಂಪನ್ನು ನೋಡಬೇಕು.

ಗ್ಯಾರೇಜಿನಲ್ಲಿ ನಿಂತಿದ್ದ ಕಾರಿನ ಎಂಜಿನ್ ಚಾಲೂ ಇಟ್ಟು ಬ್ರೇಕ್ ತುಳಿದಾಗ ಅದರ ಶಬ್ದ ಬದಲಾಯಿತು. ಬ್ರೇಕಿಗೆ ಬಲ ನೀಡುವ ಸಾಧನವು ಎಂಜಿನ್ನಿನ ನಿರ್ವಾತವನ್ನೇ ಬಳಸುತ್ತದೆ. ಆ ಎರಡನ್ನೂ ಜೋಡಿಸುವ ರಬ್ಬರ್ ಕೊಳವೆ ಬಿರುಕುಬಿಟ್ಟಿತ್ತು. ಪೆಟ್ರೋಲನ್ನು ದೂರಿ ಸುಮ್ಮನಾಗಿದ್ದರೆ ಬಿರುಕು ಬೆಳೆಯುತ್ತಿತ್ತು. ಮುಂದೊಂದು ದಿನ ಅದೇ ಘಾಟಿಯಲ್ಲಿ, ಮಕ್ಕಳು ಮುದುಕರು ಕುಳಿತಿರುವಾಗ, ಬ್ರೇಕ್ ಬಿಗಿಯಾಗಿ ತುಳಿತಕ್ಕೆ ಬಗ್ಗದೆ ಹೋಗಬಹುದಿತ್ತು. ಬೇರೊಬ್ಬರ ಮೇಲೆ ಹೊರಿಸಿದ ಸುಳ್ಳು ದೋಷವು ನಿಜವಾದ ದೋಷವನ್ನು ಮರೆಮಾಡುತ್ತದೆ. ಅದರಿಂದ ನಿರಪರಾಧಿಗೂ ಹಾನಿ, ದೂರಿದವನಿಗೂ ಹಾನಿ.

ಇದೇ ಸಂದರ್ಭದಲ್ಲಿ ಮತ್ತೊಂದು ರೂಢಿಯೂ ಬೆಳಕಿಗೆ ಬಂದಿತು. ಇಂಧನ ಉಳಿಯಲೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಬೇಕೆಂಬುದು ಆ ಗೃಹಸ್ಥರದೇ ಅಪ್ಪಣೆಯಾಗಿತ್ತು. ಇಂಜೆಕ್ಷನ್ ಕಾರಿನಲ್ಲಿ ಇದು ಉಳಿತಾಯವೇ ಅಲ್ಲ. ಗಿಯರಿನಲ್ಲಿದ್ದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಇಂಧನ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಚಾಲೂ ಉಳಿಯಲು ಇಂಧನ ಉರಿಯುತ್ತಲೇ ಇರಬೇಕು. ಎಂಜಿನ್ನಿನ ತಡೆಬಲವಿಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಎಂಜಿನ್ನನ್ನೇ ಆರಿಸಿ ಇಳಿಯುವುದಂತೂ ಘೋರ ಪ್ರಮಾದ. ಕೆಲವು ತುಳಿತಗಳಲ್ಲಿಯೇ ಬ್ರೇಕಿನ ನೆರವು ಮುಗಿಯುತ್ತದೆ, ಕೀಲಿ ತೆಗೆದರೆ ಸ್ಟಿಯರಿಂಗ್ ಬೀಗ ಬೀಳಲೂಬಹುದು.

ಮಿತವ್ಯಯ ಸದ್ಗುಣವೇ ಸರಿ. ಆದರೆ ಲೆಕ್ಕ ತಿಳಿಯದೆ ಮಾಡಿದ ಉಳಿತಾಯವು ತನ್ನ ಜೀವವನ್ನೂ, ಎದುರು ಬರುವವರ ಜೀವವನ್ನೂ, ದಾರಿ ದಾಟುವ ಮೂಕಪ್ರಾಣಿಯ ಜೀವವನ್ನೂ ಪಣಕ್ಕೊಡ್ಡುತ್ತದೆ. ಆದುದರಿಂದ ಘಟ್ಟವಿಳಿಯುವವರು ಹತ್ತಲು ಬೇಕಾದಂತಹ ಕೆಳ ಗಿಯರಿನಲ್ಲಿಯೇ ಇಳಿಯಲಿ. ಗಾಡಿ ತಡವರಿಸಿದರೆ ಯಾರನ್ನೂ ದೂರುವ ಮೊದಲು ಮುಚ್ಚಳ ತೆರೆದು ನೋಡಲಿ. ಮನೆಯ ಚಾಲಕನಿಗೆ ಏನಾದರೂ ಹೇಳುವುದಿದ್ದರೆ, ಅದನ್ನು ಹೇಳುವ ಧೈರ್ಯ ಅವನಿಗಿರುವಂತೆ ಯಜಮಾನರು ನಡೆದುಕೊಳ್ಳಲಿ.