ಕರಿಯ ಬಿಲ್ಲೆ

ಬಿದರಿಯ ಹೂಜಿಗಳಿಗೆ ಬೆಳ್ಳಿಯ ಎಳೆ ಕೂರಿಸುತ್ತ ಆಯುಷ್ಯ ಸವೆಸಿದ ತಂದೆ. ಬೆಂಗಳೂರಿನಲ್ಲಿ ಸಂಶೋಧನೆಗೆ ತೊಡಗಿದ ಮಗಳು. ರಜೆಗೆಂದು ಭಾತಂಬ್ರಾಕ್ಕೆ ಬಂದವಳನ್ನು ಇನ್ನು ಮರಳಿ ಕಳುಹಬಾರದೆಂದು ತಂದೆಯ ಮನಸ್ಸು.

“ಅಲ್ಲಿ ಏನು ಓದತಿ, ಅವ್ವಾ?”

“ತಾಮ್ರದ ಆಕ್ಸೈಡಿನ ಕರೀ ಬಿಲ್ಲಿ, ಅಪ್ಪಾ.”

1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಇಂಥದೇ ವಸ್ತುವನ್ನು ಪರೀಕ್ಷಿಸಿದ್ದರು. ಸುಮಾರು 90 ಕೆಲ್ವಿನ್ನಿಗಿಂತ ತಣ್ಣಗಾದಾಗ ಅದು ವಿದ್ಯುತ್ತಿಗೆ ತಡೆಯನ್ನೇ ಒಡ್ಡದು.

“ನಮ್ಮ ಬಿಸಿಲಾಗ ಹ್ಯಾಂಗಿರ್ತದ?”

ಒಗಟು ಅಲ್ಲಿಯೇ ಇತ್ತು. ಬೆಳ್ಳಿ ಕಾದಷ್ಟೂ ಅದರ ತಡೆ ಹೆಚ್ಚುವುದು ಪರಮಾಣುಗಳ ಕಂಪನದಿಂದ; ಬಹಳ ತಣಿಸಿದರೆ ತಡೆಯ ಗೆರೆ ಬಾಗುತ್ತದೆ. ಕೆಲವು ತಾಮ್ರದ ಆಕ್ಸೈಡುಗಳಲ್ಲಾದರೋ ಗೆರೆ ನೇರವಾಗಿಯೇ ಇಳಿಯುತ್ತದೆ. 1000 ಕೆಲ್ವಿನ್‌ವರೆಗೆ ಕಾಯಿಸಿದರೂ ಏರುವುದು ನಿಲ್ಲದಂಥವೂ ಇವೆ. ಲೆಕ್ಕ ಹಾಕಿದರೆ, ಎಲೆಕ್ಟ್ರಾನು ಒಂದು ಪರಮಾಣುವಿನಿಂದ ಮತ್ತೊಂದಕ್ಕೆ ತಲಪುವ ಮೊದಲೇ ಎಡವಬೇಕು! ಸರ್ವಸಮ್ಮತವಾದ ವಿವರಣೆ ಇಂದಿಗೂ ದೊರೆತಿಲ್ಲ.

“ಉತ್ತರ ಸಿಗಲಿಲ್ಲಂದ್ರ?”

ಮಗಳು ಗೂಡಿನಲ್ಲಿದ್ದ ಹೂಜಿಯತ್ತ ನೋಡಿದಳು.

“ಕೋಟಿ ಮಣ್ಣು ಸತುವನ್ನ ಕರೀ ಮಾಡ್ತದ, ಬೆಳ್ಳಿ ಮುಟ್ಟಂಗಿಲ್ಲ. ಯಾಕಂತ ತಿಳದ ಮ್ಯಾಲೇ ನೀವು ಕೆಲಸ ಹಿಡದ್ರೇನು?”

ತಂದೆ ಉತ್ತರಿಸಲಿಲ್ಲ. ಮರುದಿನ ಭಾಲ್ಕಿಯ ರೈಲು ನಿಲ್ದಾಣದಲ್ಲಿ ಅವಳ ಪೆಟ್ಟಿಗೆಯನ್ನು ಅವರೇ ಹೊತ್ತಿದ್ದರು.